ಮಂಜಿನ ಹರಳಿಗೆ ಕಡಿವಾಣ

ವೈಶಾಖದ ದಿನಗಳು. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಸರಿದರೂ ತಣಿಯದಿರುವ ಬೆಳಗಿನ ಜಾವದಲ್ಲಿ, ಆದೋನಿಯಿಂದ ಕೋಸಿಗಿಯ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ, ಎಮ್ಮೆಯು ಹಗ್ಗವನ್ನು ಜಗ್ಗುತ್ತ, ಮೇವಿಗೆ ಬಾಯಿ ಹಾಕದೆ, ಮತ್ತೆ ಮತ್ತೆ ಬಾಲವೆತ್ತಿ ನಿಲ್ಲುತ್ತಿರುವುದನ್ನು ಹಾಲು ಕರೆಯಲು ಬಂದ ಮನೆಯೊಡತಿ ಗಮನಿಸುತ್ತಾಳೆ. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬರುವುದೇ ಕಡಿಮೆ. ಬಂದರೂ ಅದು ಬಹುಮಟ್ಟಿಗೆ ಕೂಗಿಲ್ಲದ ಮೂಕಬೆದೆ, ಕಣ್ಣಿಟ್ಟು ನೋಡುವವರಿಗಷ್ಟೇ ಕಾಣುವಂಥದು. ಆಕೆ ಗಂಡನನ್ನು ಎಬ್ಬಿಸುತ್ತಾಳೆ. ಅವನು ಮೊಬೈಲ್ ಹಿಡಿದು, “ಅಣ್ಣಾ, ಎಮ್ಮಿ ಬೆದಿಗೆ ಬಂದೈತಿ, ಬಿಸಲೇರೂದ್ರಾಗ ಬರ್ರಿ” ಎಂದು ಗೋಪಾಲಮಿತ್ರನನ್ನು ಕರೆಯುತ್ತಾನೆ.

ಆಂಧ್ರದ ಹಳ್ಳಿಗಳಲ್ಲಿ ಕೃತಕ ಗರ್ಭಧಾರಣೆಯ ತರಬೇತಿ ಪಡೆದು, ಮನೆಬಾಗಿಲಿಗೇ ಬಂದು ಆ ಕೆಲಸ ಮಾಡಿಕೊಡುವ ಯುವಕರಿಗೆ ಗೋಪಾಲಮಿತ್ರರೆಂದು ಹೆಸರು. ಮೋಟಾರ್ ಸೈಕಲ್ಲಿನ ಬೆನ್ನಿಗೆ ಕಟ್ಟಿ ತಂದ ಅಲ್ಯೂಮಿನಿಯಮ್ ಕ್ಯಾನನ್ನು ಅವನು ಬೇವಿನ ನೆರಳಿಗಿಳಿಸಿ ಮುಚ್ಚಳ ತೆಗೆದೊಡನೆ, ಕುದಿಯುವ ಪಾತ್ರೆಯಿಂದೇಳುವಂತೆ ಬಿಳಿಯ ಹೊಗೆಯೊಂದು ಬಾಯಿಯಂಚಿನಿಂದ ಉಕ್ಕಿ, ಮೇಲಕ್ಕೇರದೆ ನೆಲದ ಕಡೆಗೆ ಹರಿಯುತ್ತದೆ. ಚಿಮಟದಿಂದ ಒಂದು ತೆಳುವಾದ ಕಡ್ಡಿಯನ್ನು ಎತ್ತಿ, ತಟ್ಟನೆ ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಅರ್ಧ ನಿಮಿಷ ಎಣಿಸಿ, ಹೊರತೆಗೆದು ಒರೆಸಿ, ತುದಿ ಕತ್ತರಿಸಿ ಗರ್ಭಧಾರಣೆಯ ಉದ್ದನೆಯ ಗನ್ನಿಗೆ ಸೇರಿಸುತ್ತಾನೆ. ಉಳಿದದ್ದು ಒಂದೆರಡು ನಿಮಿಷದ ಕೆಲಸ.

ಆ ಕಡ್ಡಿಯಲ್ಲಿರುವುದು ಕಾಲು ಮಿಲಿಲೀಟರಿನಷ್ಟು ದ್ರವ. ಅದರೊಳಗೆ ಸುಮಾರು ಎರಡು ಕೋಟಿ ವೀರ್ಯಾಣುಗಳು. ಕ್ಯಾನಿನ ದ್ರವ ಸಾರಜನಕದಲ್ಲಿ ಅವು ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕಲ್ಲಿನಂತೆ ಮಲಗಿದ್ದವು. ಈಗ 37 ಡಿಗ್ರಿಯ ನೀರಿಗೆ ಬಿದ್ದಿವೆ. ಮೂವತ್ತು ಸೆಕೆಂಡುಗಳಲ್ಲಿ ಇನ್ನೂರಮೂವತ್ತಕ್ಕೂ ಮಿಕ್ಕ ಡಿಗ್ರಿಗಳನ್ನು ಏರಿ ಬರುವ ಈ ಯಾತ್ರೆಯಲ್ಲಿ ಎಷ್ಟು ವೀರ್ಯಾಣುಗಳು ಈಜುತ್ತ ಎಚ್ಚರಗೊಳ್ಳುವುವು, ಎಷ್ಟು ದಾರಿಯಲ್ಲೇ ಅಳಿಯುವುವು ಎಂಬುದರ ಮೇಲೆ, ಆ ಮನೆಯಲ್ಲಿ ಬರುವ ವರ್ಷ ಕರು ಕುಣಿಯುವುದೋ ಇಲ್ಲವೋ ಎಂಬುದು ನಿಂತಿದೆ. ಈ ಸಾವಿನ ಲೆಕ್ಕವನ್ನು ಇಳಿಸಲು ವಿಜ್ಞಾನಿಗಳು ಇಂದು ಹಿಡಿದಿರುವ ದಾರಿಯೊಂದು ದಕ್ಷಿಣ ಧ್ರುವದ ಹಿಮಸಾಗರದ ಮೀನುಗಳಿಂದ ಹೊರಟು, ಗಿರಣಿಗಳಲ್ಲಿ ನೂಲಿಗೆ ಹಾಕುವ ಗಂಜಿಯವರೆಗೆ ಬಂದಿದೆ.

ಮೈಸೂರಿನಿಂದ ಬನವಾಸಿಗೆ

ನಮ್ಮ ದೇಶದಲ್ಲಿ ಕೃತಕ ಗರ್ಭಧಾರಣೆ ಮೊದಲಾದುದು ಕನ್ನಡ ನೆಲದಲ್ಲಿಯೇ. 1939ರಲ್ಲಿ ಮೈಸೂರಿನ ಅರಮನೆಯ ಡೇರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಎಂಬವರು ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೈನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಈ ವಿಧಾನದಿಂದ ಸೇರಿಸಿ ಕರುಗಳನ್ನು ಪಡೆದರು. ಆದರೆ ಅಂದು ವೀರ್ಯವನ್ನು ಘನೀಕರಿಸುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಸಿದ್ಧಿಸಿರಲಿಲ್ಲ; ಹೋರಿಯಿಂದ ಪಡೆದುದನ್ನು ತಂಪಾಗಿಟ್ಟು ಕೆಲವೇ ದಿನಗಳೊಳಗೆ ಬಳಸಿ ಮುಗಿಸಬೇಕಾಗುತ್ತಿತ್ತು. ಹೋರಿ ಇದ್ದ ಊರಿನ ಸುತ್ತಮುತ್ತಲಿಗಷ್ಟೇ ಅದರ ಪ್ರಯೋಜನ.

ಘನೀಕೃತ ವೀರ್ಯದ ಯುಗ ಕರ್ನಾಟಕದಲ್ಲಿ ಬೇರೂರಿದ್ದು 1969ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆಯಿಂದ. ಆದೋನಿಯ ಕಡೆಯ ಗೋಪಾಲಮಿತ್ರರ ಕ್ಯಾನಿನೊಳಗಿನ ಕಡ್ಡಿಗಳಾದರೋ ಸಾಮಾನ್ಯವಾಗಿ ಆಂಧ್ರದವೇ ಆದ ಕೇಂದ್ರಗಳಿಂದ ಬರುತ್ತವೆ. ಅವುಗಳಲ್ಲೊಂದು ನಂದ್ಯಾಲದಲ್ಲಿದೆ, ಮತ್ತೊಂದು ಎಮ್ಮಿಗನೂರಿನ ಸಮೀಪದ ಬನವಾಸಿಯಲ್ಲಿ. ಬನವಾಸಿಯೆಂದೊಡನೆ ಕನ್ನಡಿಗರ ಮನಸ್ಸು ವರದಾ ತೀರಕ್ಕೆ, ಕದಂಬರ ರಾಜಧಾನಿಗೆ ಹಾರುವುದು ಸಹಜ. ಇದು ಅದೇ ಹೆಸರಿನ ಬೇರೊಂದು ಊರು, ಕೃಷಿ ವಿಜ್ಞಾನ ಕೇಂದ್ರವೂ ಪಶುಪಾಲನಾ ಕ್ಷೇತ್ರವೂ ಇರುವ ಬಯಲುಸೀಮೆಯ ಊರು.

ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದ ಮೇಲೆ, ಇಲ್ಲಿಯ ಕನ್ನಡ ಮನೆಗಳಿಗೆ ಸರ್ಕಾರದ ಕಾಗದಗಳು ತೆಲುಗಿನಲ್ಲಿ ಬರುತ್ತವೆ. ಬೆದೆ, ಗಬ್ಬ, ಕರು ಎಂಬ ಮಾತುಗಳು ಮಾತ್ರ ಕನ್ನಡದಲ್ಲಿಯೇ ಉಳಿದಿವೆ. ಕಡ್ಡಿಯ ಮೇಲೆ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಗುರುತು, ತಯಾರಾದ ದಿನಾಂಕ ಇಷ್ಟೂ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತವೆ, ತಳಿಗೊಂದು ಬಣ್ಣ. ಇವನ್ನು ಓದಿ ತಿಳಿಯುವ ಸಾಮರ್ಥ್ಯ ಎಮ್ಮೆ ಕಟ್ಟಿದ ಪ್ರತಿಯೊಬ್ಬರಿಗೂ ಬರಬೇಕೆಂಬುದು ನನ್ನ ಹಂಬಲ.

ಇಲ್ಲೊಂದು ಕಹಿಯಾದ ಸಂಗತಿಯುಂಟು. ದೇಶದ ಘನೀಕೃತ ವೀರ್ಯ ಕೇಂದ್ರಗಳಿಗೆ ವಿಧಿಸಿರುವ ಕನಿಷ್ಠ ಮಾನದಂಡವೇ, ಕರಗಿಸಿದ ತರುವಾಯ ನೂರಕ್ಕೆ ಐವತ್ತರಷ್ಟು ವೀರ್ಯಾಣುಗಳು ಚಲಿಸುತ್ತಿರಬೇಕೆಂಬುದು. ಉಳಿದರ್ಧ ಚಲನೆ ಕಳೆದುಕೊಂಡರೆ ಅದು ದೋಷವಲ್ಲ, ನಿಯಮ. ಹಸುವಿನ ಹೋರಿಯದಕ್ಕಿಂತ ಎಮ್ಮೆಕೋಣದ ವೀರ್ಯಾಣು ಶೈತ್ಯವನ್ನು ಸಹಿಸುವುದು ಇನ್ನೂ ಕಷ್ಟ. ಅದರ ಹೊರಪೊರೆಯ ಕೊಬ್ಬಿನ ರಚನೆಯೇ ಹಾಗಿದೆ. ಗಬ್ಬ ಕಟ್ಟದೆ ಹೋದರೆ ಮುಂದಿನ ಬೆದೆಗೆ ಇಪ್ಪತ್ತೊಂದು ದಿನ ಕಾಯಬೇಕು. ಬೇಸಿಗೆಯಾದರೆ ಅದೂ ಕಣ್ತಪ್ಪಿ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಹಾಲಿಲ್ಲದ ಎಮ್ಮೆಗೆ ಮೇವು ಹಾಕುವ ಆ ತಿಂಗಳುಗಳ ಭಾರ ಎಷ್ಟೆಂಬುದನ್ನು ಮಳೆಯಾಧಾರಿತ ಹತ್ತಿ ಬೆಳೆಯುವ ಈ ಸೀಮೆಯ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ.

ಚಳಿ ಕೊಲ್ಲುವುದಿಲ್ಲ, ಮಂಜು ಕೊಲ್ಲುತ್ತದೆ

ಜೀವಕೋಶವೆಂದರೆ ಬಹುಪಾಲು ನೀರು; ತೆಳುವಾದ ಕೊಬ್ಬಿನ ಪೊರೆಯೊಳಗೆ ಲವಣಗಳೂ ಪ್ರೋಟೀನುಗಳೂ ಕರಗಿರುವ ನೀರು. ಅತಿಶೈತ್ಯವೇ ಅದನ್ನು ಕೊಲ್ಲುತ್ತದೆಂದು ನಾವು ಭಾವಿಸುವುದು ಸಹಜವಾದರೂ ನಿಜ ಬೇರೆ. ಸೊನ್ನೆಗಿಂತ 196 ಡಿಗ್ರಿ ಕೆಳಗೆ ಒಮ್ಮೆ ತಲುಪಿದ ಕೋಶ ಅಲ್ಲಿ ಸುರಕ್ಷಿತ. ಅಲ್ಲಿ ರಾಸಾಯನಿಕ ಕ್ರಿಯೆಗಳೆಲ್ಲವೂ ನಿಂತುಹೋಗಿ, ದಶಕಗಳು ಕಳೆದರೂ ಅದು ಮುಪ್ಪಾಗುವುದಿಲ್ಲ. ಅಪಾಯವಿರುವುದು ಅಲ್ಲಿಗೆ ಇಳಿಯುವ ಹಾದಿಯಲ್ಲಿ, ಮತ್ತು ಅಲ್ಲಿಂದ ಏರುವ ಹಾದಿಯಲ್ಲಿ.

ನೀರು ಹೆಪ್ಪುಗಟ್ಟುವಾಗ ಅದರ ಹರಳು ತನ್ನೊಳಗೆ ಬೇರೆ ಏನನ್ನೂ ಸೇರಿಸಿಕೊಳ್ಳದು; ಲವಣವನ್ನೆಲ್ಲ ಹೊರಗೆ ತಳ್ಳಿ, ಶುದ್ಧವಾದ ನೀರಷ್ಟೇ ಸಾಲುಗಟ್ಟಿ ನಿಲ್ಲುತ್ತದೆ. ಆದುದರಿಂದ ನಿಧಾನವಾಗಿ ತಣಿಸಿದರೆ, ಕೋಶದ ಹೊರಗಿನ ನೀರು ಮೊದಲು ಹರಳಾಗಿ, ಉಳಿದ ದ್ರವ ಉಪ್ಪುಪ್ಪಾಗಿ, ಆ ಉಪ್ಪು ಕೋಶದೊಳಗಿನ ನೀರನ್ನು ಹೊರಗೆಳೆದು, ಕೋಶವು ಉಪ್ಪು ಹಚ್ಚಿ ಬಿಸಿಲಿಗಿಟ್ಟ ಮೆಣಸಿನಕಾಯಿಯಂತೆ ಮುರುಟಿಹೋಗುತ್ತದೆ. ಅವಸರದಿಂದ ತಣಿಸಿದರೆ ನೀರಿಗೆ ಹೊರಬರಲು ವೇಳೆ ಸಾಲದೆ, ಕೋಶದೊಳಗೇ ಹರಳುಗಳು ಮೂಡಿ ಅದರ ಅಂತರಂಗವನ್ನು ಹರಿದುಹಾಕುತ್ತವೆ. ಅಮೆರಿಕದ ಪೀಟರ್ ಮೇಝರ್ ಮತ್ತು ಸಂಗಡಿಗರು 1972ರಲ್ಲಿ ಈ ಎರಡು ಬಗೆಯ ಮರಣಗಳನ್ನು ಬೇರ್ಪಡಿಸಿ ತೋರಿಸಿದರು. ಪ್ರತಿಯೊಂದು ಜಾತಿಯ ಕೋಶಕ್ಕೂ ಇವೆರಡರ ನಡುವೆ ತನ್ನದೇ ಆದ ಒಂದು ಹದವಾದ ವೇಗವುಂಟೆಂಬುದು ಅದರಿಂದ ಸ್ಪಷ್ಟವಾಯಿತು.

ಸೀಸೆಯ ಚೀಟಿ ತಪ್ಪಿದ ಕತೆ

ಹದವಾದ ವೇಗವೊಂದೇ ಸಾಲದು. ಕೋಶಕ್ಕೆ ಒಬ್ಬ ಸಂಗಾತಿ ಬೇಕು. ಆ ಸಂಗಾತಿ ದೊರೆತದ್ದು ಆಕಸ್ಮಿಕವಾಗಿ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಲಂಡನ್ನಿನ ಮಿಲ್ ಹಿಲ್ ಎಂಬಲ್ಲಿಯ ಪ್ರಯೋಗಶಾಲೆಯಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್, ಆಲನ್ ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಹಣ್ಣಿನ ಸಕ್ಕರೆಯ ದ್ರಾವಣದಲ್ಲಿ ಘನೀಕರಿಸಲು ಯತ್ನಿಸಿ ವಿಫಲರಾಗಿದ್ದರು. ಕೆಲವು ತಿಂಗಳುಗಳ ಅನಂತರ ಶೀತಕೋಠಿಯಲ್ಲಿಟ್ಟಿದ್ದ ಅದೇ ದ್ರಾವಣವನ್ನು ತೆಗೆದು ಮತ್ತೊಮ್ಮೆ ಪ್ರಯೋಗಿಸಿದಾಗ, ಆಶ್ಚರ್ಯವೆಂಬಂತೆ, ಕರಗಿಸಿದ ವೀರ್ಯಾಣುಗಳು ಈಜತೊಡಗಿದವು. ಪರೀಕ್ಷಿಸಿ ನೋಡಲಾಗಿ ಸೀಸೆಯಲ್ಲಿ ಸಕ್ಕರೆಯೇ ಇರಲಿಲ್ಲ. ಚೀಟಿ ಅದಲುಬದಲಾಗಿ, ಗಾಜಿನ ಪಟ್ಟಿಗೆ ಅಂಗಾಂಶ ಅಂಟಿಸಲು ಇಟ್ಟಿದ್ದ ಗ್ಲಿಸರಾಲ್ ಮಿಶ್ರಣ ಕೈಗೆ ಬಂದಿತ್ತು. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. 1951ರ ವೇಳೆಗೆ ಹೀಗೆ ಘನೀಕರಿಸಿದ ವೀರ್ಯದಿಂದ ಕರು ಹುಟ್ಟಿದ ವಾರ್ತೆಯೂ ಬಂದಿತು.

ಗ್ಲಿಸರಾಲ್ ನೀರಿನೊಡನೆ ಬೆರೆತು ಕೋಶದೊಳಗೂ ಹೊಕ್ಕು, ಹರಳಾಗಬಹುದಾದ ನೀರಿನ ಪಾಲನ್ನು ತಗ್ಗಿಸಿ, ಉಪ್ಪಿನ ಸಾಂದ್ರತೆ ಮಿತಿಮೀರದಂತೆ ನೋಡಿಕೊಳ್ಳುತ್ತದೆ. ಇಂದಿಗೂ ನಮ್ಮ ಕೇಂದ್ರಗಳಲ್ಲಿ ವೀರ್ಯಕ್ಕೆ ಬೆರೆಸುವ ದ್ರಾವಣದಲ್ಲಿ ಮೊಟ್ಟೆಯ ಹಳದಿಯೊಂದಿಗೆ ನೂರಕ್ಕೆ ಆರೇಳು ಪಾಲು ಗ್ಲಿಸರಾಲ್ ಇರುತ್ತದೆ. ಆದರೆ ಈ ಸಂಗಾತಿ ಪೂರ್ಣ ನಿರಪಾಯಿಯಲ್ಲ. ಪ್ರಮಾಣ ಹೆಚ್ಚಾದಷ್ಟೂ ಅದೇ ವಿಷ. ಇದರ ಸೋದರನಂತಿರುವ ಡೈಮೀಥೈಲ್ ಸಲ್ಫಾಕ್ಸೈಡ್ ಎಂಬುದನ್ನು ಮನುಷ್ಯನ ಅಸ್ಥಿಮಜ್ಜೆಯ ಮೂಲಕೋಶಗಳನ್ನು ಕಾಪಿಡಲು ಬಳಸುತ್ತಾರೆ. ಆ ಕೋಶಗಳನ್ನು ಮರಳಿ ಪಡೆದ ರೋಗಿಗೆ ವಾಕರಿಕೆ ಬರುವುದುಂಟು, ಅವನ ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ದಿನವೆಲ್ಲ ಹರಡಿರುತ್ತದೆ.

ಕುಲ್ಫಿಯೊಳಗಿನ ಮರಳು

ಇಷ್ಟಾದರೂ ವೀರ್ಯಾಣುಗಳು ಏಕೆ ಸಾಯುತ್ತವೆ? ಇದಕ್ಕೆ ಉತ್ತರದ ಒಂದು ಭಾಗವನ್ನು ಬೇಸಿಗೆಯಲ್ಲಿ ಆದೋನಿಯ ಬೀದಿಯಲ್ಲಿ ಕುಲ್ಫಿ ತಿಂದ ಯಾರಾದರೂ ನಾಲಿಗೆಯಿಂದಲೇ ಅರಿತಿರುತ್ತಾರೆ. ಅಂದು ಮಾಡಿದ ಕುಲ್ಫಿ ನುಣುಪಾಗಿ ಕರಗುತ್ತದೆ. ವಿದ್ಯುತ್ತು ಹೋಗಿ ಅರೆ ಕರಗಿ, ಮತ್ತೆ ಬಂದಾಗ ಗಟ್ಟಿಯಾದ ಕುಲ್ಫಿಯನ್ನು ಕಚ್ಚಿದರೆ ಮರಳು ಅಗಿದಂತಾಗುತ್ತದೆ. ಹಾಲೂ ಸಕ್ಕರೆಯೂ ಮೊದಲಿನವೇ. ಬದಲಾದುದು ಮಂಜಿನ ಹರಳುಗಳ ಗಾತ್ರ. ಸಣ್ಣ ಹರಳುಗಳು ಕರಗಿ ತಮ್ಮ ನೀರನ್ನು ನೆರೆಯ ದೊಡ್ಡ ಹರಳುಗಳಿಗೆ ಒಪ್ಪಿಸಿ ಅಳಿದವು. ದೊಡ್ಡವು ಮತ್ತಷ್ಟು ದೊಡ್ಡವಾದವು. ಇದನ್ನು ಮರುಹರಳುಗಟ್ಟುವಿಕೆ ಎನ್ನೋಣ.

ಕಡ್ಡಿಯೊಳಗೂ ನಡೆಯುವುದು ಇದೇ. ಸೊನ್ನೆಗಿಂತ ಸುಮಾರು 130 ಡಿಗ್ರಿ ಕೆಳಗಿನ ಮಟ್ಟದವರೆಗೆ ಹರಳುಗಳು ಅಲ್ಲಾಡವು. ಆ ಎಲ್ಲೆ ದಾಟಿ ಉಷ್ಣ ಏರತೊಡಗಿತೆಂದರೆ ಅವು ಒಂದನ್ನೊಂದು ನುಂಗಿ ಬೆಳೆಯತೊಡಗುತ್ತವೆ. ಘನೀಕರಿಸುವಾಗ ಪಾರಾದ ಕೋಶವನ್ನು, ಕರಗಿಸುವಾಗ ಬೆಳೆದ ಈ ಹರಳುಗಳು ಹಿಸುಕಿ ಕೊಲ್ಲುತ್ತವೆ. ಕರಗಿಸುವಾಗ ಬೆಚ್ಚಗಿನ ನೀರಿನಲ್ಲಿ ತಟ್ಟನೆ ಮುಳುಗಿಸಬೇಕೆಂಬ ನಿಯಮದ ಹಿಂದಿರುವ ತತ್ತ್ವವೂ ಇದೇ: ಅಪಾಯದ ಸೀಮೆಯನ್ನು ಹರಳುಗಳಿಗೆ ಬೆಳೆಯಲು ಬಿಡುವು ಕೊಡದೆ ದಾಟಿಬಿಡುವುದು. ಕಡ್ಡಿಯನ್ನು ಅಂಗೈಯಲ್ಲಿ ಉಜ್ಜಿ, ಅಥವಾ ಅಂಗಿಯ ಜೇಬಿನಲ್ಲಿಟ್ಟು ಕರಗಿಸುವ ಅಭ್ಯಾಸ ಅಲ್ಲಲ್ಲಿ ಇದೆ. ಅದಕ್ಕಿಂತ ದೊಡ್ಡ ಅನ್ಯಾಯವನ್ನು ಆ ಕಡ್ಡಿಗೆ ಮಾಡಲಾಗದು.

ಹೆಪ್ಪುಗಟ್ಟದ ಮೀನು

ಹರಳು ಬೆಳೆಯದಂತೆ ತಡೆಯುವ ವಿದ್ಯೆಯನ್ನು ಪ್ರಕೃತಿ ಬಹು ಹಿಂದೆಯೇ ಸಾಧಿಸಿತ್ತು. ದಕ್ಷಿಣ ಧ್ರುವದ ಸಮುದ್ರದ ನೀರು ಉಪ್ಪಿನ ಬಲದಿಂದ ಸೊನ್ನೆಗಿಂತ 1.9 ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಇರುತ್ತದೆ; ಆದರೆ ಸಾಮಾನ್ಯ ಮೀನಿನ ರಕ್ತ ಸೊನ್ನೆಗಿಂತ ಒಂದು ಡಿಗ್ರಿ ಇಳಿಯುವ ಮೊದಲೇ ಹೆಪ್ಪುಗಟ್ಟಬೇಕು. ಹಾಗಿದ್ದೂ ಅಲ್ಲಿಯ ಮೀನುಗಳು ಮಂಜುಗಡ್ಡೆಗಳ ನಡುವೆ ನಿಶ್ಚಿಂತೆಯಿಂದ ಈಜಾಡುತ್ತವೆ. ಆರ್ಥರ್ ಡಿವ್ರೀಸ್ ಎಂಬ ತರುಣ ಸಂಶೋಧಕ 1960ರ ದಶಕದಲ್ಲಿ ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೋ ನೆಲೆಯಲ್ಲಿ ಮಂಜಿಗೆ ರಂಧ್ರ ಕೊರೆದು ಈ ಮೀನುಗಳನ್ನು ಹಿಡಿದು, ಅವುಗಳ ರಕ್ತದಲ್ಲಿ ಸಕ್ಕರೆಯ ತುಣುಕುಗಳನ್ನು ಹೊತ್ತ ಒಂದು ವಿಶಿಷ್ಟ ಪ್ರೋಟೀನನ್ನು ಕಂಡುಹಿಡಿದು, 1969ರಲ್ಲಿ ಲೋಕಕ್ಕೆ ತಿಳಿಸಿದನು. ಅಷ್ಟೇ ಅಣುಸಂಖ್ಯೆಯ ಉಪ್ಪಿಗಿಂತ ನೂರಾರು ಪಟ್ಟು ಪ್ರಬಲವಾಗಿ ಅದು ಹೆಪ್ಪುಗಟ್ಟುವುದನ್ನು ತಡೆಯುತ್ತಿತ್ತು. ಮುಂದೆ ಇಂಥವೇ ಪ್ರೋಟೀನುಗಳು ಕೀಟಗಳಲ್ಲಿಯೂ ಸಸ್ಯಗಳಲ್ಲಿಯೂ ದೊರೆತವು.

ಇದರ ಕಾರ್ಯವಿಧಾನವನ್ನು ತಿಳಿಯಲು ಆದೋನಿಯ ಜಿನ್ನಿಂಗ್ ಕಾರ್ಖಾನೆಯ ಅಂಗಳದಲ್ಲಿರುವ ಹತ್ತಿಯ ಬೇಲನ್ನು ನೆನೆಯಬೇಕು. ಒತ್ತಿ ಕಟ್ಟಿದ ಬೇಲಿನ ಸುತ್ತ ಕಬ್ಬಿಣದ ಪಟ್ಟಿಗಳಿರುತ್ತವೆ. ಪಟ್ಟಿ ಬಿಗಿದೆಡೆಯಲ್ಲಿ ಹತ್ತಿ ಅಡಗಿ, ಪಟ್ಟಿಗಳ ನಡುವಿನೆಡೆಯಲ್ಲಿ ಉಬ್ಬಿ ನಿಲ್ಲುತ್ತದೆ, ಅದಕ್ಕಿಂತ ಹೊರಗೆ ಬರಲಾರದು. ಪ್ರೋಟೀನಿನ ಅಣುಗಳು ಮಂಜಿನ ಹರಳಿನ ಮೈಗೆ ಹೀಗೆಯೇ ಅಲ್ಲಲ್ಲಿ ಅಂಟಿಕೊಳ್ಳುತ್ತವೆ. ಅವುಗಳ ನಡುವೆ ಹರಳು ಉಬ್ಬಿ ಬೆಳೆಯಲು ನೋಡುತ್ತದೆ. ಉಬ್ಬಿದ ಮೈಗೆ ಹೊಸ ನೀರಿನ ಅಣು ಬಂದು ಸೇರುವುದು ಸಪಾಟಾದ ಮೈಗೆ ಸೇರುವುದಕ್ಕಿಂತ ಕಷ್ಟ. ಹೀಗಾಗಿ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. 1977ರಲ್ಲಿ ರೇಮಂಡ್ ಎಂಬುವನೊಡನೆ ಡಿವ್ರೀಸನೇ ಈ ವಿವರಣೆಯನ್ನು ಮುಂದಿಟ್ಟನು.

ಐಸ್‌ಕ್ರೀಮ್ ತಯಾರಕರು ಇದನ್ನು ಬೇಗನೆ ಗುರುತಿಸಿದರು. ಮೀನಿನ ಇಂಥದೊಂದು ಪ್ರೋಟೀನನ್ನು ಯೀಸ್ಟಿನಲ್ಲಿ ತಯಾರಿಸಿ ಯುನಿಲಿವರ್ ಸಂಸ್ಥೆ ಐಸ್‌ಕ್ರೀಮಿಗೆ ಬೆರೆಸಿದೆ. ವೀರ್ಯ ಘನೀಕರಣದಲ್ಲೂ ಪರೀಕ್ಷೆಗಳಾದವು. ನಮ್ಮ ಮುರ್ರಾ ಎಮ್ಮೆತಳಿಯ ಹತ್ತಿರದ ಬಂಧುವಾದ, ಪಾಕಿಸ್ತಾನದ ನೀಲಿ-ರಾವಿ ತಳಿಯ ಕೋಣಗಳ ವೀರ್ಯಕ್ಕೆ ಅಲ್ಲಿಯ ಪಶುವಿಜ್ಞಾನಿಗಳು ಇಂಥ ಪ್ರೋಟೀನನ್ನು ಬೆರೆಸಿ ನೋಡಿದ್ದಾರೆ. ಆದರೆ ಜೀವಕೋಶಗಳ ವಿಷಯದಲ್ಲಿ ಎರಡು ಅಡ್ಡಿಗಳು ಎದುರಾದವು. ಮೀನಿನ ರಕ್ತದಿಂದ ಈ ಪ್ರೋಟೀನನ್ನು ಶುದ್ಧೀಕರಿಸುವುದು ಬಹಳ ದುಬಾರಿ. ಎರಡನೆಯದು ಇನ್ನೂ ಗಂಭೀರ. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನ ಸಮುದ್ರದಲ್ಲಿ ಮೀನನ್ನು ಕಾಯುವ ಈ ಕಾವಲುಗಾರ, ಅದಕ್ಕೂ ಬಹಳ ಕೆಳಗಿಳಿದಾಗ ಹರಳನ್ನು ಪೂರ್ತಿ ತಡೆಯಲಾರದೆ, ಅಂಟಿಕೊಂಡ ಮೈಗಳನ್ನು ಬಿಟ್ಟು ಉಳಿದೊಂದೇ ದಿಕ್ಕಿಗೆ ಬೆಳೆಯುವಂತೆ ಅದನ್ನು ಒತ್ತಾಯಿಸುತ್ತದೆ; ಹರಳು ಸೂಜಿಯ ಆಕಾರ ತಾಳಿ ಕೋಶಗಳನ್ನು ಚುಚ್ಚುತ್ತದೆ. ಒಂದು ಪ್ರಯೋಗದಲ್ಲಿ ಉಪಕಾರ, ಇನ್ನೊಂದರಲ್ಲಿ ಅಪಕಾರ ಎಂಬಂತಾಯಿತು.

ಮೀನಿಲ್ಲದೆ ಮೀನಿನ ಗುಣ

ಈ ಹಂತದಲ್ಲಿ ವಿಜ್ಞಾನಿಗಳು ಮಾಡಿದ ವಿವೇಚನೆ ನನಗೆ ಅತ್ಯಂತ ಸೊಗಸಾಗಿ ತೋರುತ್ತದೆ. ಮೀನಿನ ಪ್ರೋಟೀನಿನಲ್ಲಿ ಹೆಪ್ಪುಗಟ್ಟುವ ಬಿಂದುವನ್ನು ಇಳಿಸುವುದು, ಹರಳಿಗೆ ಸೂಜಿಯಾಕಾರ ಕೊಡುವುದು, ಹರಳುಗಳು ಒಂದನ್ನೊಂದು ನುಂಗಿ ಬೆಳೆಯದಂತೆ ತಡೆಯುವುದು ಎಂದು ಮೂರು ಗುಣಗಳು ಹೆಣೆದುಕೊಂಡಿದ್ದವು. ವೀರ್ಯದ ಕಡ್ಡಿಗೆ ಬೇಕಾದುದು ಮೂರನೆಯದೊಂದೇ, ಎರಡನೆಯದು ಕೇಡು. ಹಾಗಾದರೆ ಬೇಕಾದ ಗುಣವೊಂದನ್ನಷ್ಟೇ ಹೊತ್ತ ಸರಳವಾದ ವಸ್ತುವನ್ನು ಮನುಷ್ಯನೇ ಏಕೆ ತಯಾರಿಸಬಾರದು? ಈ ಪ್ರಶ್ನೆಯಿಂದಲೇ ಹಿಮನಿರೋಧಕ ಪ್ರೋಟೀನಿನ ಕೃತಕ ಅನುಕೃತಿಗಳು ಹುಟ್ಟಿದವು.

ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ರಾಬರ್ಟ್ ಬೆನ್, ಮೀನಿನ ಪ್ರೋಟೀನಿನ ಸಕ್ಕರೆ ಹೊತ್ತ ಭಾಗವನ್ನು ಅನುಕರಿಸುತ್ತ ಬಂದು, ಕೊನೆಗೆ ಇದೇ ಗುಣದ ಅತಿ ಸಣ್ಣ ಅಣುಗಳನ್ನೇ ತಯಾರಿಸಿದರು. ಜಪಾನಿನ ಕಝುಆಕಿ ಮತ್ಸುಮುರ ಮತ್ತು ಸಂಗಡಿಗರು 2009ರಲ್ಲಿ, ಆ ದೇಶದಲ್ಲಿ ಆಹಾರ ಕೆಡದಂತೆ ಬಳಸುವ ಪಾಲಿಲೈಸಿನ್ ಎಂಬ ಸರಪಳಿಯನ್ನು ಮಾರ್ಪಡಿಸಿ, ಧನ ಮತ್ತು ಋಣ ಎರಡೂ ವಿದ್ಯುದಂಶಗಳನ್ನು ಹೊತ್ತ ವಸ್ತುವನ್ನು ರೂಪಿಸಿದರು. ಇದು ಕೋಶದೊಳಗೆ ಹೋಗದೆ ಹೊರಗೇ ನಿಂತು ಕಾಯುತ್ತದೆ. ಹೋರಿಯ ವೀರ್ಯದ ಮೇಲೆ ಜಪಾನಿನಲ್ಲಿಯೂ, ನೀಲಿ-ರಾವಿ ಕೋಣದ ವೀರ್ಯದ ಮೇಲೆ ಪಾಕಿಸ್ತಾನದಲ್ಲಿಯೂ ಇದನ್ನು ಪರೀಕ್ಷಿಸಲಾಗಿದೆ.

ಎಲ್ಲಕ್ಕಿಂತ ನಮಗೆ ಹತ್ತಿರವಾದುದು ಪಾಲಿವಿನೈಲ್ ಆಲ್ಕೋಹಾಲ್. ಹೆಸರಿನಲ್ಲಿ ಆಲ್ಕೋಹಾಲ್ ಇದ್ದರೂ ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ನೀರಿನಲ್ಲಿ ಕರಗುವ ಬಿಳಿಯ ಪುಡಿ. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದ ಎಮ್ಮಿಗನೂರಿನಂಥ ಊರಿನವರಿಗೆ, ಹಾಸುನೂಲು ಮಗ್ಗದಲ್ಲಿ ಹರಿಯದಂತೆ ಗಂಜಿ ಹಾಕುವುದೆಂದರೇನೆಂದು ಹೇಳಬೇಕಾಗಿಲ್ಲ. ದೊಡ್ಡ ಗಿರಣಿಗಳಲ್ಲಿ ಧಾನ್ಯದ ಗಂಜಿಯೊಡನೆ ಅಥವಾ ಅದರ ಬದಲಿಗೆ ಬಳಸುವ ವಸ್ತುಗಳಲ್ಲಿ ಇದೂ ಒಂದು. ಮೀನಿಗೂ ಇದಕ್ಕೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಇದರ ಉದ್ದನೆಯ ಸರಪಳಿಯಲ್ಲಿ ನೀರನ್ನು ಹಿಡಿಯಬಲ್ಲ ಕೈಗಳು ಒಂದೇ ಅಂತರದಲ್ಲಿ ಸಾಲಾಗಿ ನಿಂತಿವೆ. ಆ ಅಂತರವು ಮಂಜಿನ ಹರಳಿನ ಅಣುಗಳ ಅಂತರಕ್ಕೆ ಹೊಂದುವುದರಿಂದಲೇ ಅದು ಹರಳಿನ ಮೈಗೆ ಅಂಟಿಕೊಳ್ಳುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಗಿಬ್ಸನ್ ಅವರ ತಂಡ 2014ರಲ್ಲಿ, ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ, ಗ್ಲಿಸರಾಲಿನಂಥ ದ್ರಾವಕಗಳ ನೆರವಿಲ್ಲದೆ ಕೆಂಪು ರಕ್ತಕಣಗಳನ್ನು ಘನೀಕರಿಸಿ ಕರಗಿಸಿ ಉಳಿಸಿಕೊಳ್ಳಬಹುದೆಂದು ತೋರಿಸಿತು. ಕರಗುವ ಹೊತ್ತಿನಲ್ಲಿ ಹರಳುಗಳ ಬೆಳವಣಿಗೆಯನ್ನು ತಡೆದುದೇ ಅದರ ರಹಸ್ಯ. ಸಾಗರದ ಮೀನಿಗೆ ಲಕ್ಷಾಂತರ ವರ್ಷಗಳಲ್ಲಿ ಸಿದ್ಧಿಸಿದ ಒಂದು ಗುಣವನ್ನು, ಮೂಟೆಯ ಲೆಕ್ಕದಲ್ಲಿ ದೊರೆಯುವ ಅಗ್ಗದ ಪುಡಿಯಲ್ಲಿ ಕಂಡುಕೊಂಡದ್ದು ಸಣ್ಣ ಸಾಧನೆಯಲ್ಲ.

ಕೊಟ್ಟಿಗೆಯಾಚೆ

ರಕ್ತದ ಮಾತನ್ನೇ ತೆಗೆದುಕೊಳ್ಳೋಣ. ರಕ್ತನಿಧಿಯ ಶೀತಪೆಟ್ಟಿಗೆಯಲ್ಲಿ ಕೆಂಪು ರಕ್ತಕಣಗಳು ಉಳಿಯುವುದು ಐದಾರು ವಾರ ಮಾತ್ರ. ಗ್ಲಿಸರಾಲ್ ಧಾರಾಳವಾಗಿ ಬೆರೆಸಿ ಘನೀಕರಿಸಿದರೆ ಹತ್ತು ವರ್ಷ ಇಡಬಹುದು. ಆದರೆ ರೋಗಿಗೆ ಕೊಡುವ ಮುನ್ನ ಆ ಗ್ಲಿಸರಾಲನ್ನು ಹಂತಹಂತವಾಗಿ ತೊಳೆದು ತೆಗೆಯಬೇಕು. ಹೆರಿಗೆಯ ಕೋಣೆಯಲ್ಲಿ ರಕ್ತಸ್ರಾವವಾಗುತ್ತಿರುವ ತಾಯಿಗೆ ಅಷ್ಟು ಕಾಯಲು ಸಮಯವೆಲ್ಲಿ? ತೊಳೆಯುವ ಕೆಲಸವಿಲ್ಲದೆ ಘನೀಕೃತ ರಕ್ತ ಸಿಗುವಂತಾದರೆ ಅದರಿಂದ ಮೊದಲು ಬದುಕುವವರು ದೊಡ್ಡ ಆಸ್ಪತ್ರೆಯಿಂದ ದೂರವಿರುವ ಹಳ್ಳಿಯವರೇ.

ಮನುಷ್ಯನ ಭ್ರೂಣವನ್ನು ಘನೀಕರಿಸಿ ಮಗುವನ್ನು ಪಡೆಯುವುದರಲ್ಲಿ ಭಾರತೀಯನೊಬ್ಬ ಮುಂದಿದ್ದನೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಕೋಲ್ಕತ್ತದ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ 1978ರ ಅಕ್ಟೋಬರ್ 3ರಂದು ಹುಟ್ಟಿದ ದುರ್ಗಾ ಎಂಬ ಮಗು 53 ದಿನ ಶೈತ್ಯದಲ್ಲಿದ್ದ ಭ್ರೂಣದಿಂದ ಬೆಳೆದದ್ದು. ಅಂದಿನ ಅಧಿಕಾರವರ್ಗ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಪರಿಶೀಲಿಸಿ 1997ರಲ್ಲಿ ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದವರು, ತಾವೇ ಈ ಕ್ಷೇತ್ರದ ಧುರೀಣರಾಗಿದ್ದ ಟಿ. ಸಿ. ಆನಂದ ಕುಮಾರ್.

ಪೂರ್ಣ ಅಂಗಗಳನ್ನು ಘನೀಕರಿಸುವ ಯತ್ನವೂ ನಡೆದಿದೆ. 2023ರಲ್ಲಿ ಅಮೆರಿಕದ ಮಿನ್ನೆಸೋಟದ ಸಂಶೋಧಕರು ನೂರು ದಿನ ಅತಿಶೈತ್ಯದಲ್ಲಿಟ್ಟ ಇಲಿಯ ಮೂತ್ರಪಿಂಡವನ್ನು ಮತ್ತೆ ಇಲಿಗೆ ಜೋಡಿಸಿ ಕೆಲಸ ಮಾಡಿಸಿದ್ದಾರೆ. ಮನುಷ್ಯನ ಅಂಗ ಅದಕ್ಕಿಂತ ಬಹಳ ದೊಡ್ಡದು; ಆ ದಿನ ಇನ್ನೂ ದೂರವಿದೆ.

ಕ್ಯಾನಿನ ಬಾಯಿ

ಹರಳು ಬೆಳೆಯದಂತೆ ತಡೆಯುವ ಈ ಹೊಸ ವಸ್ತುಗಳ ವಿಷಯದಲ್ಲಿ ಉತ್ಸಾಹ ಸರಿ; ಅತ್ಯುತ್ಸಾಹ ಸಲ್ಲದು. ವೀರ್ಯಾಣುವಿನ ಸಾವಿಗೆ ಹರಳೊಂದೇ ಕಾರಣವಲ್ಲ. ಉಪ್ಪಿನ ಪೀಡೆಯೂ, ತಣಿಯುವಾಗಲೇ ಹೊರಪೊರೆಗೆ ಬೀಳುವ ಪೆಟ್ಟೂ ಇವೆ. ಪಾಲಿವಿನೈಲ್ ಆಲ್ಕೋಹಾಲ್ ಕೋಶದೊಳಗೆ ಹೋಗಲಾರದು. ಆದುದರಿಂದ ಅದು ಗ್ಲಿಸರಾಲಿನ ಸಹಾಯಕನಾಗಬಲ್ಲದೇ ಹೊರತು ಎಲ್ಲೆಡೆಯೂ ಅದರ ಸ್ಥಾನವನ್ನು ಪಡೆಯಲಾರದು. ಸೂಕ್ಷ್ಮದರ್ಶಕದ ಕೆಳಗೆ ಹೆಚ್ಚು ವೀರ್ಯಾಣುಗಳು ಈಜಿದರೆ ಸಾಲದು, ಕೊಟ್ಟಿಗೆಯಲ್ಲಿ ಹೆಚ್ಚು ಎಮ್ಮೆಗಳು ಗಬ್ಬವಾಗಬೇಕು. ಎಮ್ಮೆಯ ಗಬ್ಬ ಹತ್ತು ತಿಂಗಳಿನದು, ಆ ಪರೀಕ್ಷೆಗೆ ವರ್ಷಗಳು ಬೇಕು. ಆದಾಗ್ಯೂ, ಬೇಸಿಗೆ ನಲವತ್ತು ಡಿಗ್ರಿ ಮೀರುವ ಬನವಾಸಿ, ನಂದ್ಯಾಲಗಳಂಥ ಕೇಂದ್ರಗಳಲ್ಲಿಯೇ, ನಮ್ಮ ಮುರ್ರಾ ಕೋಣಗಳ ವೀರ್ಯದ ಮೇಲೆಯೇ ಈ ಪರೀಕ್ಷೆ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹರಳು ಬೆಳೆಯುವ ಅಪಾಯ ಎಲ್ಲಿ ಅತ್ಯಧಿಕವೋ ಅಲ್ಲಿ ಅದನ್ನು ತಡೆಯುವ ವಸ್ತುವಿನ ಬೆಲೆಯೂ ಅತ್ಯಧಿಕ.

ಏಕೆಂದರೆ ಹರಳು ಬೆಳೆಯುವುದು ಕರಗಿಸುವ ಅರ್ಧ ನಿಮಿಷದಲ್ಲಿ ಮಾತ್ರವಲ್ಲ. ಕಡ್ಡಿಗಳ ಬುಟ್ಟಿಯನ್ನು ಕ್ಯಾನಿನ ಕುತ್ತಿಗೆಯವರೆಗೆ ಎತ್ತಿ, ಬೇಕಾದ ಕಡ್ಡಿಯನ್ನು ಹುಡುಕುತ್ತ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ, ಹೊರತೆಗೆಯದೆ ಉಳಿದ ಕಡ್ಡಿಗಳೂ ಬಿಸಿಗಾಳಿಗೆ ಮೈಯೊಡ್ಡುತ್ತವೆ. ಮತ್ತೆ ಕೆಳಗಿಳಿಸಿದಾಗ ಅವು ಗಟ್ಟಿಯೇ ಆಗುತ್ತವೆ. ನೋಡುವ ಕಣ್ಣಿಗೆ ಏನೂ ಆದಂತೆ ಕಾಣದು. ಒಳಗೆ ಮಾತ್ರ ಕುಲ್ಫಿಯಲ್ಲಿ ಮರಳು ಮೂಡಿದಂತೆ ಹರಳುಗಳು ಒಂದು ಸುತ್ತು ದೊಡ್ಡವಾಗಿರುತ್ತವೆ. ದಿನಕ್ಕೆ ನಾಲ್ಕು ಹಳ್ಳಿ ತಿರುಗುವ ಕ್ಯಾನಿನಲ್ಲಿ ಇದು ಎಷ್ಟು ಸಲ ನಡೆಯುವುದೋ ಊಹಿಸಬಹುದು. ಬಿಸಿಲಿನಲ್ಲಿ ಸಾರಜನಕ ಬೇಗ ಆವಿಯಾಗುತ್ತದೆ. ಮಟ್ಟ ಇಳಿದು ಕಡ್ಡಿಗಳು ದ್ರವದಿಂದ ಮೇಲೆ ಬಂದರೆ ಇನ್ನು ಹೇಳಬೇಕಾದುದೇ ಇಲ್ಲ. ಮೈಲುಗಟ್ಟಲೆ ಬಿಸಿಲಿನಲ್ಲಿ ಬರುವ ಗೋಪಾಲಮಿತ್ರರನ್ನು ಇದಕ್ಕಾಗಿ ದೂರುವುದು ಸಲ್ಲ. ಅವರಿಗೆ ಕಾಲಕಾಲಕ್ಕೆ ಸಾರಜನಕವನ್ನೂ, ಥರ್ಮಾಮೀಟರನ್ನೂ ಒದಗಿಸುವುದು ಇಲಾಖೆಯ ಹೊಣೆ.

ಹೊಸ ವಸ್ತು ಕಡ್ಡಿಯೊಳಗೆ ಬರುವವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆಯೊಳಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗೋಪಾಲಮಿತ್ರನನ್ನು ಕರೆಸಿ. ಅವನು ಬರುವ ಮೊದಲೇ ಕ್ಯಾನ್ ಇಳಿಸಲು ನೆರಳನ್ನೂ, ಒಂದು ಪಾತ್ರೆ ಬೆಚ್ಚಗಿನ ನೀರನ್ನೂ ಸಿದ್ಧವಾಗಿಡಿ. ನೀರು 37 ಡಿಗ್ರಿ ಇದೆಯೇ ಎಂದು ಥರ್ಮಾಮೀಟರ್ ಇಟ್ಟು ನೋಡಲು ಹೇಳಿ. ಕಡ್ಡಿಯನ್ನು ಮೂವತ್ತು ಸೆಕೆಂಡ್ ನೀರಿನಲ್ಲಿಟ್ಟ ಮೇಲೆ ತಡಮಾಡದೆ ಬಳಸಲು ಕೇಳಿಕೊಳ್ಳಿ.